ಮಡಿಕೇರಿಯ ಗದ್ದುಗೆ, ಲಂಡನ್ನಿನ ಗೋರಿ

ಕಳೆದ ರಜೆಯಲ್ಲಿ ಶಿವಮೊಗ್ಗದ ಕಡೆಯ ನಮ್ಮ ಬಂಧುಗಳು ಮೂರ್ನಾಡಿಗೆ ಬಂದಿದ್ದರು. ಅವರೊಂದಿಗೆ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಹುಡುಗನೊಬ್ಬನಿದ್ದ. ಅವನ ಪಾಠದ ಪುಸ್ತಕದಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರ ಚಿತ್ರವಿತ್ತಂತೆ. ನಡುವೆ ಕಲ್ಲಿನ ಚರ್ಚು, ಅದರ ಪಕ್ಕದಲ್ಲಿ ಪಾಚಿ ಹಿಡಿದ ಗೋರಿಗಳು, ಹೊಳೆಗೆ ಕಟ್ಟಿದ ಸಣ್ಣ ಸೇತುವೆ, ಗುಡ್ಡದ ಮೇಲೆ ಜಮೀನ್ದಾರನ ಬಂಗಲೆ. ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಎನ್ನುತ್ತಾರೆಂದು ಯಾರೋ ಅವನಿಗೆ ಹೇಳಿದ್ದರು. ಬಂದ ಮರುದಿನವೇ ಅವನ ಪ್ರಶ್ನೆ: "ಅಂಥ ಹಳ್ಳಿ ಇಲ್ಲಿ ಎಲ್ಲಿದೆ?"

ನಾವು ಉತ್ತರಕ್ಕೆ ತಡವರಿಸಿದೆವು. ನಿಜ ಹೇಳಬೇಕೆಂದರೆ ಕೊಡಗಿನಲ್ಲಿ ಅಂಥ ಹಳ್ಳಿ ಇಲ್ಲ. ಬಯಲುಸೀಮೆಯಂತೆ ಮನೆಗೆ ಮನೆ ಅಂಟಿಕೊಂಡ ಊರುಗಳೂ ಇಲ್ಲಿ ಕಡಿಮೆ. ಗದ್ದೆಯ ಅಂಚಿನಲ್ಲಿ ಒಂದು ಐನ್‌ಮನೆ, ಅದರಿಂದ ಅಷ್ಟು ದೂರದಲ್ಲಿ ಕಾಡಿನ ಮರೆಯಲ್ಲಿ ಇನ್ನೊಂದು. ಒಂದು ಮನೆಯಿಂದ ಕೂಗಿದರೆ ಮತ್ತೊಂದು ಮನೆಗೆ ಕೇಳಿಸಿದರೆ ಅದು ನೆರೆಮನೆ. ಮೂರ್ನಾಡು, ನಾಪೋಕ್ಲು, ಸಿದ್ದಾಪುರದಂಥ ಊರುಗಳು ಅಂಗಡಿ, ಸಂತೆಗಳ ಸುತ್ತ ಬೆಳೆದವು. ಪ್ರವಾಸಿಗರು ಮಂಜಿನಲ್ಲಿ ಕಂಡು ಇಂಗ್ಲೆಂಡು ಎಂದು ಮೆಚ್ಚುವುದು ಯಾವುದನ್ನು? ಒಂದಷ್ಟು ಹಳೆಯ ಕಟ್ಟಡಗಳನ್ನು, ಕಾಫಿ ತೋಟಗಳನ್ನು, ತೋಟದ ಬಂಗಲೆಗಳನ್ನು. ಅವನ್ನಾದರೂ ತೋರಿಸೋಣವೆಂದು ಬೆಳಗಿನ ಬಸ್ಸಿಗೆ ಎಲ್ಲರೂ ಮಡಿಕೇರಿಗೆ ಹೊರಟೆವು.

ಕೋಟೆಯೊಳಗಿನ ಚರ್ಚು

ಮಡಿಕೇರಿಯ ಕೋಟೆಯನ್ನು ನೋಡಿದವರು ಅದರ ಚರಿತ್ರೆಯನ್ನು ಪದರ ಪದರವಾಗಿ ನೋಡಬೇಕು. 1681ರಲ್ಲಿ ಹಾಲೇರಿ ಮನೆತನದ ಮುದ್ದುರಾಜ ಇಲ್ಲಿ ರಾಜಧಾನಿ ಮಾಡಿಕೊಂಡು ಮಣ್ಣಿನ ಕೋಟೆ ಕಟ್ಟಿಸಿದ. ಮುಂದೆ ಟಿಪ್ಪು ಸುಲ್ತಾನ್ ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. 1790ರಲ್ಲಿ ದೊಡ್ಡ ವೀರರಾಜೇಂದ್ರ ಕೋಟೆಯನ್ನು ಮರಳಿ ಪಡೆದ. 1812ರಿಂದ 1814ರ ನಡುವೆ ಅವನ ತಮ್ಮ ಲಿಂಗರಾಜೇಂದ್ರ ಇಟ್ಟಿಗೆ ಗಾರೆಯ ಅರಮನೆ ಕಟ್ಟಿಸಿದ. ಮೂಲೆಯಲ್ಲಿ ನಿಂತಿರುವ ಗಾರೆಯ ಜೋಡಿ ಆನೆಗಳ ಮುಂದೆ ಮಕ್ಕಳು ಫೋಟೋ ತೆಗೆಸಿಕೊಂಡರು.

ಹುಡುಗ ಕೇಳಿದ ಚರ್ಚು ಈ ಕೋಟೆಯೊಳಗೇ ಇದೆ. ಸಂತ ಮಾರ್ಕನ ಹೆಸರಿನ ಆಂಗ್ಲಿಕನ್ ಚರ್ಚು. ಕಮಾನಿನ ಕಿಟಕಿಗಳು, ಬಣ್ಣದ ಗಾಜುಗಳು, ಎತ್ತರದ ಛಾವಣಿ. "ಇದೇ, ಇದೇ" ಎಂದು ಹುಡುಗ ಕುಣಿದ. ಒಳಗೆ ಹೋದರೆ ಪ್ರಾರ್ಥನೆಯ ಪೀಠಗಳಿಲ್ಲ. 1971ರಿಂದ ಅದು ಸರಕಾರದ ವಸ್ತುಸಂಗ್ರಹಾಲಯ. ಕೊಡಗಿನ ಬೇರೆ ಬೇರೆ ಕಡೆಯಿಂದ ತಂದ ಜೈನ, ಶೈವ ವಿಗ್ರಹಗಳು, ಹಳೆಯ ಆಯುಧಗಳು ಅಲ್ಲಿವೆ. ಇನ್ನೂ ಒಂದು ಸಂಗತಿಯಿದೆ. ಈ ಜಾಗದಲ್ಲಿ ಮೊದಲು ವೀರಭದ್ರನ ಗುಡಿಯಿತ್ತು. 1855ರಲ್ಲಿ ಬ್ರಿಟಿಷರು ಅದನ್ನು ತೆಗೆಸಿ ಚರ್ಚು ಕಟ್ಟಿದರು. ಗುಡಿ ಹೋಗಿ ಚರ್ಚಾಯಿತು, ಚರ್ಚಿನೊಳಗೆ ಈಗ ಮತ್ತೆ ವಿಗ್ರಹಗಳಿವೆ. ಅವಕ್ಕೆ ಪೂಜೆಯಿಲ್ಲ, ಟಿಕೆಟ್ ಕೊಂಡವರ ನೋಟ ಮಾತ್ರ.

ಆ ವರ್ಷಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು. 1834ರ ಏಪ್ರಿಲ್‌ನಲ್ಲಿ ಕರ್ನಲ್ ಫ್ರೇಸರನ ಸೇನೆಗೆ ಮಡಿಕೇರಿ ವಶವಾಯಿತು. ಕೊನೆಯ ರಾಜ ಚಿಕ್ಕ ವೀರರಾಜೇಂದ್ರ ಗಡೀಪಾರಾಗಿ ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಹೋದ. 1837ರಲ್ಲಿ ಸುಳ್ಯದ ಕಡೆಯ ರೈತರು ಬಂಡೆದ್ದರು. ಧಾನ್ಯದ ಬದಲು ನಗದಾಗಿ ಕಂದಾಯ ಕೊಡಬೇಕೆಂಬ ಹೊಸ ಕಾನೂನು ಅವರನ್ನು ಕಂಗೆಡಿಸಿತ್ತು. ಆ ಹೋರಾಟದ ನಾಯಕರಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಇದೇ ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು. 1852ರಲ್ಲಿ ರಾಜ ಲಂಡನ್ನಿಗೆ ಹೋದ. 1853ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕೊಡಗಿಗೆ ಬಂದರು. ಹತ್ತು ವರ್ಷ ಮೊದಲು ಮಂಗಳೂರ ಸಮಾಚಾರ ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವರು ಇವರೇ. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯ ಬಳಿ ಮೊದಲ ಕಾಫಿ ಎಸ್ಟೇಟು ತೆರೆದ. ಮರುವರ್ಷ ಚರ್ಚು ಎದ್ದಿತು. ಈ ನಾಲ್ಕು ವರ್ಷಗಳಲ್ಲಿ ಆದದ್ದನ್ನೇ ಇಂದು ನಾವು ಕೊಡಗಿನ ಇಂಗ್ಲಿಷ್ ಚೆಲುವು ಎನ್ನುತ್ತಿದ್ದೇವೆ.

ಚರ್ಚಾಗಿ ಕಾಣುವುದೆಲ್ಲ ಇಂಗ್ಲಿಷರದ್ದೂ ಅಲ್ಲ. ಮೂರ್ನಾಡಿನಿಂದ ಬೇತ್ರಿಯ ಸೇತುವೆ ದಾಟಿ ಮುಂದೆ ಹೋದರೆ ವಿರಾಜಪೇಟೆ. ಅಲ್ಲಿನ ಸಂತ ಅನ್ನಮ್ಮನವರ ಚರ್ಚನ್ನು ಕಂಡ ಪ್ರವಾಸಿಗರು ವಿಲಾಯಿತಿ ನೆನೆಯುತ್ತಾರೆ. ಆದರೆ ಆ ಚರ್ಚಿನ ಮೂಲ 1792. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಲಿಂಗಾಯತ ರಾಜನೊಬ್ಬ ನೆಲೆ ಕೊಟ್ಟದ್ದರ ಗುರುತು ಅದು.

ಗದ್ದುಗೆಯ ಗುಮ್ಮಟ

ಮಧ್ಯಾಹ್ನ ಮಹದೇವಪೇಟೆಯ ಮೇಲಿನ ಗುಡ್ಡಕ್ಕೆ ಹತ್ತಿದೆವು. ಅಲ್ಲಿ ಹಾಲೇರಿ ರಾಜರ ಗದ್ದುಗೆಗಳಿವೆ. ನಡುವಿನದು ದೊಡ್ಡ ವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮನದು. ಒಂದು ಪಕ್ಕದಲ್ಲಿ ಲಿಂಗರಾಜೇಂದ್ರನದು. ಅದನ್ನು 1820ರಲ್ಲಿ ಮಗ ಚಿಕ್ಕ ವೀರರಾಜೇಂದ್ರ ಕಟ್ಟಿಸಿದ. ಇನ್ನೊಂದು ಪಕ್ಕದಲ್ಲಿ ರಾಜಗುರು ರುದ್ರಪ್ಪನ ಸಮಾಧಿ. ಚೌಕಾಕಾರದ ಕಟ್ಟಡ, ನಡುವೆ ದುಂಡನೆಯ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರಿನಂಥ ಗೋಪುರಗಳು. ಅವುಗಳ ನಡುವೆ ಕುಳಿತ ನಂದಿಗಳನ್ನು ಗಮನಿಸದಿದ್ದರೆ ಇದು ಶಿವಭಕ್ತರ ಸಮಾಧಿಯೆಂದು ಗೊತ್ತಾಗುವುದಿಲ್ಲ.

ನಮ್ಮೊಂದಿಗೆ ಬಂದಿದ್ದ ಹಿರಿಯ ಖಾಲಾ ಮೆಟ್ಟಿಲು ಹತ್ತಿದವರೇ ಸೆರಗನ್ನು ತಲೆಗೆ ಎಳೆದುಕೊಂಡರು. ಕೈಯೆತ್ತಿ ಮೆಲ್ಲನೆ ದುಆ ಆರಂಭಿಸಿಯೇ ಬಿಟ್ಟರು. ಯಾರದೋ ದರ್ಗಾ ಎಂದುಕೊಂಡಿದ್ದರು. ಹುಡುಗ ನಗತೊಡಗಿದ. ಇದು ಮುಸ್ಲಿಮರ ಗೋರಿಯಲ್ಲ, ಲಿಂಗಾಯತ ಅರಸರದು ಎಂದು ನಾವು ಹೇಳಿದೆವು. ಅವರು ಒಂದು ಗಳಿಗೆ ಗುಮ್ಮಟ ನೋಡಿದರು. "ಇರಲಿ, ಇಲ್ಲಿ ಮಲಗಿರುವವರೂ ಮಣ್ಣಿಗೆ ಹೋದವರೇ ತಾನೆ" ಎಂದರು. ಕೈ ಮಾತ್ರ ಇಳಿಸಿದರು.

ಲಿಂಗಾಯತರೂ ನಮ್ಮಂತೆ ಸತ್ತವರನ್ನು ಮಣ್ಣು ಮಾಡುವವರು. ಆದರೆ ಈ ಗುಮ್ಮಟ ಎಲ್ಲಿಂದ ಬಂತು? ಉರ್ದು ಶಾಲೆಯಲ್ಲಿ ಗುಂಬಜ್, ಮಿನಾರ್ ಎಂಬ ಪದಗಳನ್ನು ಕಲಿತ ನಮಗೆ ಶ್ರೀರಂಗಪಟ್ಟಣದ ಗುಂಬಜ್ ನೆನಪಾಯಿತು. ಟಿಪ್ಪು 1780ರ ದಶಕದಲ್ಲಿ ತಂದೆ ಹೈದರಾಲಿಗಾಗಿ ಅದನ್ನು ಕಟ್ಟಿಸಿದ. ಕೊನೆಗೆ ತಾನೂ ಅಲ್ಲೇ ಮಲಗಿದ. ಮಡಿಕೇರಿಯ ಗುಮ್ಮಟದಡಿ ಮಲಗಿರುವ ದೊಡ್ಡ ವೀರರಾಜೇಂದ್ರ ಯಾರು? ಟಿಪ್ಪುವಿನ ಕಡುವೈರಿ. ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡು ಬಂದವನು. 1790ರಲ್ಲಿ ಕಂಪೆನಿಯೊಂದಿಗೆ ಒಪ್ಪಂದ ಮಾಡಿಕೊಂಡು ಕೊನೆಯವರೆಗೂ ಟಿಪ್ಪುವಿನ ವಿರುದ್ಧ ನಿಂತವನು. 1809ರಲ್ಲಿ ತೀರಿಕೊಂಡ. ಇಬ್ಬರು ವೈರಿಗಳೂ ಒಂದೇ ಬಗೆಯ ಗುಮ್ಮಟದ ಕೆಳಗಿದ್ದಾರೆ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯದ ಮೇಲೂ ಅದೇ ಗುಮ್ಮಟ, ಅವೇ ನಾಲ್ಕು ಗೋಪುರಗಳು. ಯುದ್ಧ ಅರಸರದಾಗಿತ್ತು. ಗಾರೆ ಕಲಸುವ ಕೈಗಳಿಗೆ ತಮಗೆ ಗೊತ್ತಿದ್ದ ಚಂದವನ್ನು ಬಿಡಲು ಯಾವ ಕಾರಣವೂ ಇರಲಿಲ್ಲ.

ಈ ಮಾತನ್ನು ಇಲ್ಲಿಗೇ ನಿಲ್ಲಿಸಿದರೆ ಚಂದ ಕಾಣುತ್ತದೆ, ಆದರೆ ಪ್ರಾಮಾಣಿಕವಾಗುವುದಿಲ್ಲ. ಗದ್ದುಗೆಯ ಆವರಣದಲ್ಲೇ ಬಿದ್ದಂಡ ಬೋಪುವಿನ ಸಮಾಧಿಯಿದೆ. ಟಿಪ್ಪುವಿನ ಸೇನೆಯೊಂದಿಗೆ ಹೋರಾಡಿ ಮಡಿದ ಕೊಡವ ವೀರ. 1780ರ ದಶಕದಲ್ಲಿ ಟಿಪ್ಪುವಿನ ಸೇನೆ ಕೊಡಗಿನ ಸಾವಿರಾರು ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು ನಿಜ. ಎಷ್ಟು ಸಾವಿರ ಎಂಬ ಬಗ್ಗೆ ಇತಿಹಾಸಕಾರರು ಜಗಳವಾಡುತ್ತಾರೆ. ಕೊಡವರ ಮನೆಗಳಲ್ಲಿ ದೇವಟ್ಟಿಪರಂಬಿನ ಹೆಸರೆತ್ತಿದರೆ ಇಂದೂ ಮಾತು ಭಾರವಾಗುತ್ತದೆ. ಅಂಕಿ ಕಡಿಮೆಯೆಂದು ಸಾಧಿಸಿದರೆ ಆ ನೋವು ಸುಳ್ಳಾಗುವುದಿಲ್ಲ. ಕಂಪೆನಿಯ ವಿರುದ್ಧ ಹೋರಾಡಿ 1799ರಲ್ಲಿ ಪ್ರಾಣಕೊಟ್ಟ ಸುಲ್ತಾನನೂ, ಕೊಡಗಿನ ಮೇಲೆ ದಂಡೆತ್ತಿ ಬಂದ ಸುಲ್ತಾನನೂ ಒಬ್ಬನೇ. ಇವೆರಡನ್ನೂ ಒಟ್ಟಿಗೆ ಹೇಳುವ ಧೈರ್ಯ ನಮ್ಮಲ್ಲಿ ಎಷ್ಟು ಜನರಿಗಿದೆ? 2015ರ ನವೆಂಬರಿನಲ್ಲಿ ಟಿಪ್ಪು ಜಯಂತಿಯ ಹೆಸರಿನಲ್ಲಿ ಇದೇ ಮಡಿಕೇರಿಯಲ್ಲಿ ಗಲಭೆಯಾಗಿ ಜೀವಹಾನಿಯಾಯಿತು. ಸರಕಾರ 2019ರಲ್ಲಿ ಜಯಂತಿಯ ಆಚರಣೆಯನ್ನೇ ಕೈಬಿಟ್ಟಿತು. ಎರಡೂ ಕಡೆಯವರು ಚರಿತ್ರೆಯನ್ನು ಬೀದಿಗೆ ತಂದರು. ಗದ್ದುಗೆಗೆ ಬಂದು ಗುಮ್ಮಟದ ಕೆಳಗೆ ನಿಂತು ನೋಡಿದವರು ಎಷ್ಟು ಜನ?

ಹಳ್ಳಿಯ ಗೋರಿಗಳು

"ಮೂರನೇ ರಾಜನ ಗೋರಿ ಎಲ್ಲಿ?" ಹುಡುಗ ಲೆಕ್ಕ ಹಾಕಿ ಕೇಳಿದ. ಅಣ್ಣನದಿದೆ, ತಮ್ಮನದಿದೆ, ಮಗನದಿಲ್ಲ.

ಅದು ಲಂಡನ್ನಿನಲ್ಲಿದೆ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಓದಿದವರಿಗೆ ಆ ರಾಜ ಪಟ್ಟ ಕಳೆದುಕೊಂಡ ಬಗೆ ಗೊತ್ತು. ಆತ ಕ್ರೂರಿಯಾಗಿದ್ದ, ಪ್ರಜೆಗಳೇ ನಮ್ಮನ್ನು ಕರೆದರು ಎಂದು ಕಂಪೆನಿ ಬರೆಯಿತು. ಅವನ ಕ್ರೌರ್ಯಕ್ಕೆ ಕೊಡಗಿನ ಸಾಕ್ಷಿಯೂ ಇದೆ. ಆದರೆ ಅವನ ಮನೆತನದ ಹಣ ಕಂಪೆನಿಯ ಸಾಲಪತ್ರಗಳಲ್ಲಿತ್ತು, ರಾಜ್ಯ ಹೋದ ಮೇಲೆ ಕಂಪೆನಿ ಆ ಹಣವನ್ನೂ ಕೊಡಲಿಲ್ಲ. ಅದನ್ನು ಕೇಳಲು 1852ರಲ್ಲಿ ಆತ ಇಂಗ್ಲೆಂಡಿಗೆ ಹೋದ. ಜೊತೆಯಲ್ಲಿ ಕಾಶಿಯಲ್ಲಿ 1841ರಲ್ಲಿ ಹುಟ್ಟಿದ ಮಗಳು ಗೌರಮ್ಮ. ಅದೇ ವರ್ಷ ಆ ಹನ್ನೊಂದರ ಹುಡುಗಿಗೆ ದೀಕ್ಷಾಸ್ನಾನವಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನು ಕೊಟ್ಟಳು. ಪಂಜಾಬಿನ ಪದಚ್ಯುತ ಅರಸ ದುಲೀಪ್ ಸಿಂಗನಿಗೂ ಅವಳಿಗೂ ಮದುವೆ ಮಾಡಿಸುವ ಆಸೆ ರಾಣಿಗಿತ್ತು. ಅದು ನಡೆಯಲಿಲ್ಲ. ಅವಳು 1860ರಲ್ಲಿ ಕರ್ನಲ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು, ಒಂದು ಹೆಣ್ಣುಮಗುವಿನ ತಾಯಿಯಾದಳು, 1864ರಲ್ಲಿ ಇಪ್ಪತ್ತೆರಡರ ಹರೆಯದಲ್ಲಿ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳನ್ನು ಹೂಳಲಾಯಿತು. ರಾಜ 1859ರಲ್ಲೇ, ಹಣ ಸಿಗುವ ಮೊದಲೇ ಸತ್ತಿದ್ದ. ಅವನ ಗೋರಿ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿದೆ. ತಂದೆ ಮಗಳು ಮಲಗಿರುವುದು ಒಂದೇ ಊರಿನ ಎರಡು ಸ್ಮಶಾನಗಳಲ್ಲಿ. ತಂದೆಗಾಗಿ ಗುಮ್ಮಟ ಕಟ್ಟಿಸಿದ ಅರಸನಿಗೆ ಆ ಗುಮ್ಮಟದ ನೆರಳು ಸಿಗಲಿಲ್ಲ.

ಪಾಠದ ಪುಸ್ತಕದ ಆ ಚಿತ್ರದಲ್ಲಿ ಪಾಚಿ ಹಿಡಿದ ಗೋರಿಗಳಿದ್ದವಲ್ಲ, ಅಂಥ ಗೋರಿಗಳಲ್ಲಿ ನಮ್ಮೂರಿನವೂ ಇವೆ ಎಂದು ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಾಫಿಯ ನೆರಳು

ಮರಳಿ ಬರುವಾಗ ರಸ್ತೆಯ ಎರಡೂ ಬದಿ ಕಾಫಿ ತೋಟ. ಕಾಫಿಯನ್ನು ಕೊಡಗಿಗೆ ತಂದವರು ಇಂಗ್ಲಿಷರೆಂದು ಹೋಮ್‌ಸ್ಟೇಗಳ ಗೋಡೆಗಳ ಮೇಲೆ ಬರೆದದ್ದನ್ನು ನಾವು ಓದಿದ್ದೇವೆ. ಆದರೆ ಇಂಗ್ಲಿಷರೇ ಬರೆಸಿದ ಹಳೆಯ ಗೆಜೆಟಿಯರುಗಳು ಬೇರೆ ಹೇಳುತ್ತವೆ. ರಾಜರ ಕಾಲದಲ್ಲಿ ನಾಲ್ಕುನಾಡು ಅರಮನೆಯ ಆಸುಪಾಸಿನಲ್ಲಿ ಭೂಮಿ ಪಡೆದ ಮಾಪಿಳ್ಳೆಗಳು ಮೊದಲು ಕಾಫಿ ಬೆಳೆದರೆಂಬ ಪ್ರತೀತಿಯನ್ನು ಅವು ದಾಖಲಿಸಿವೆ. ಫೌಲರ್ ಬಂದದ್ದು ಅದರ ನಂತರ. ಇಂಗ್ಲಿಷರು ತಂದದ್ದು ಎಸ್ಟೇಟನ್ನು: ಸಾಲು ಸಾಲು ಗಿಡ, ಗುಡ್ಡದ ಮೇಲೆ ದೊರೆಯ ಬಂಗಲೆ, ಕೆಳಗೆ ಕೂಲಿಗಳ ಲೈನ್ ಮನೆ. ಯರವರು, ಕುರುಬರು, ಮೈಸೂರು ಸೀಮೆಯಿಂದ, ಮಲಬಾರಿನಿಂದ ಬಂದ ಆಳುಗಳು ಆ ಲೈನುಗಳಲ್ಲಿ ಬಾಳಿದರು. ಪಾಲಿಬೆಟ್ಟ, ಸಿದ್ದಾಪುರದ ಕಡೆಯ ಬಂಗಲೆಗಳಲ್ಲಿ ಇಂದು ಪ್ರವಾಸಿಗರು ಬಾಡಿಗೆ ಕೊಟ್ಟು ಮಲಗುತ್ತಾರೆ. ಲೈನ್ ಮನೆಗಳನ್ನು ತೋರಿಸುವ ಪ್ರವಾಸ ಯಾವುದೂ ಇಲ್ಲ.

ಹೆಸರುಗಳಿಗೂ ಇದೇ ಗತಿ. ಮಡಿಕೇರಿಯ ಬಳಿಯ ಜಲಪಾತವನ್ನು ಬ್ರಿಟಿಷರು ಪಾದ್ರಿಯೊಬ್ಬರ ಮಗಳ ಹೆಸರಿನಿಂದ ಜೆಸ್ಸಿ ಫಾಲ್ಸ್ ಎಂದು ಕರೆದರಂತೆ. ಜೆಸ್ಸಿ ಹೋಯಿತು, ಕೊಡವ ತಕ್ಕಿನ 'ಅಬ್ಬಿ' ಉಳಿಯಿತು. ಅದನ್ನೇ ಇಂಗ್ಲಿಷ್ ಬೋರ್ಡುಗಳಲ್ಲಿ ಬರೆದಾಗ ಕ್ರೈಸ್ತ ಸನ್ಯಾಸಿಗಳ ಮಠ ಎಂಬ ಅರ್ಥ ಬರುತ್ತದೆ. ನೀರು ಮಾತ್ರ ಮೊದಲಿನಂತೆಯೇ ಬೀಳುತ್ತಿದೆ.

ಕೊಡಗಿನ ಮಾಪಿಳ್ಳೆಗಳಲ್ಲಿ ಕೊಡವರಂತೆಯೇ ಮನೆತನದ ಹೆಸರು, ಜಮ್ಮಾ ಭೂಮಿ ಇರುವವರಿದ್ದಾರೆ. ಎಮ್ಮೆಮಾಡಿನ ಸೂಫಿ ಶಹೀದರ ಉರೂಸಿಗೆ ಕೊಡವರೂ ಗೌಡರೂ ಹರಕೆ ಹೊತ್ತು ಬರುತ್ತಾರೆ. ಇವೂ ನೋಡಬೇಕಾದ ಸ್ಥಳಗಳೇ, ಆದರೆ ಯಾವ ಪ್ರವಾಸಿ ಕೈಪಿಡಿಯೂ ಇವನ್ನು ಸ್ಕಾಟ್ಲೆಂಡಿನ ಪಟ್ಟಿಗೆ ಸೇರಿಸುವುದಿಲ್ಲ.

ಮೂರ್ನಾಡು ತಲುಪಿದಾಗ ಕತ್ತಲಾಗಿತ್ತು. ಊಟವಾದ ಮೇಲೆ ಹುಡುಗ ತನ್ನ ನೋಟುಪುಸ್ತಕ ತೆಗೆದು ಶಾಲೆಗಾಗಿ ಪ್ರವಾಸದ ಟಿಪ್ಪಣಿ ಬರೆಯತೊಡಗಿದ. ಏನು ಬರೆದೆ ಎಂದು ಇಣುಕಿದೆವು. ಮೊದಲ ಪುಟದಲ್ಲಿ ಒಂದು ಗುಮ್ಮಟದ ಚಿತ್ರವಿತ್ತು. ಅದರ ಕೆಳಗೆ ಬರೆದ ಹೆಸರನ್ನು ಎರಡು ಸಲ ಹೊಡೆದುಹಾಕಿದ್ದ. ಮೊದಲು 'ದರ್ಗಾ', ಆಮೇಲೆ 'ದೇವಸ್ಥಾನ'. ಗದ್ದುಗೆ ಎಂಬುದನ್ನು ಹೇಗೆ ಬರೆಯುವುದೆಂದು ನಮ್ಮನ್ನು ಕೇಳಿದ. ದಕ್ಕೆ ದ ಒತ್ತು ಎಂದು ಹೇಳಿಕೊಟ್ಟೆವು.