ಊರ ಕಾರು, ರೇಸಿನ ಆಸೆ: ಮಾಡಿಫಿಕೇಷನ್‌ಗೆ ಇಳಿಯೋ ಮೊದಲು ತಿಳಿದಿರಬೇಕಾದ್ದು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಸ್ಪೋರ್ಟ್ಸ್ ಕಾರು ಅಂದರೆ ಪೋರ್ಶೆ, ಫೆರಾರಿ ಅಲ್ಲ. ಕೆಎ-24 ನಂಬರಿನ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್, ಪೋಲೊ, ಐ20. ವಾರವೆಲ್ಲ ಅದೇ ಕಾರಲ್ಲಿ ಅಪ್ಪನನ್ನ ದವಾಖಾನೆಗೆ ಕರ್ಕೊಂಡು ಹೋಗಬೇಕು, ಗೊಬ್ಬರದ ಚೀಲ ತರಬೇಕು, ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೂ ಹೋಗಬೇಕು. ಭಾನುವಾರ ಮಾತ್ರ ಆ ಕಾರು ಬೇರೆಯೇ ಆಗಬೇಕು ಅನ್ನೋ ಆಸೆ.

ಈ ಆಸೆಯಲ್ಲಿ ತಪ್ಪೇನಿಲ್ಲ. ತಪ್ಪಾಗೋದು ಅದನ್ನ ತೀರಿಸಿಕೊಳ್ಳೋ ಜಾಗದಲ್ಲಿ ಮತ್ತು ದುಡ್ಡು ಸುರಿಯೋ ಕ್ರಮದಲ್ಲಿ. ಗ್ಯಾರೇಜಿಗೆ ಹೋದವರು ಮೊದಲು ಕೇಳೋದು ಸೈಲೆನ್ಸರ್, ಆಮೇಲೆ ದೊಡ್ಡ ಅಲಾಯ್ ವೀಲ್, ಆಮೇಲೆ ರೀಮ್ಯಾಪ್. ಬ್ರೇಕಿನ ಮಾತು ಬರುವಷ್ಟರಲ್ಲಿ ದುಡ್ಡು ಮುಗಿದಿರುತ್ತೆ. ದಿನಾ ಓಡಿಸೋ ಕಾರನ್ನ ಆಟೋಕ್ರಾಸ್‌ಗೋ ಟ್ರ್ಯಾಕ್‌ಗೋ ತಯಾರು ಮಾಡುವಾಗ ಏನು ಮೊದಲು, ಏನು ಆಮೇಲೆ, ಏನು ಬೇಡವೇ ಬೇಡ, ಕಾನೂನು ಏನನ್ನುತ್ತೆ, ಎಲ್ಲಿ ಓಡಿಸಬಹುದು ಅನ್ನೋದನ್ನ ಇಲ್ಲಿ ಒಂದೊಂದಾಗಿ ನೋಡೋಣ.

ಆಟೋಕ್ರಾಸ್ ಬೇರೆ, ಟ್ರ್ಯಾಕ್ ಡೇ ಬೇರೆ

ಆಟೋಕ್ರಾಸ್ ಅಂದರೆ ಮೈದಾನದಲ್ಲಿ ಕೋನ್ ಇಟ್ಟು ದಾರಿ ಮಾಡಿ, ಒಂದು ಸಲಕ್ಕೆ ಒಂದೇ ಕಾರು ಬಿಟ್ಟು ಗಡಿಯಾರದ ಎದುರು ಓಡಿಸೋ ಆಟ. ಕೋನ್ ಬಿದ್ದರೆ ದಂಡದ ಸೆಕೆಂಡು ಸೇರುತ್ತೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಮಣ್ಣಿನ ಮೇಲೆ ನಡೆಯುತ್ತೆ. ಓಟದ ಬಹುಪಾಲು ಎರಡನೇ ಗೇರಿನಲ್ಲೇ ಮುಗಿಯುತ್ತೆ. ತಪ್ಪಿದರೆ ಕೋನ್ ಬೀಳುತ್ತೆ, ಮರ್ಯಾದೆ ಹೋಗುತ್ತೆ, ಜೀವ ಹೋಗೋ ಸಂಭವ ಕಡಿಮೆ.

ಟ್ರ್ಯಾಕ್ ಡೇ ಅಂದರೆ ರೇಸ್ ಸರ್ಕ್ಯೂಟನ್ನ ಬಾಡಿಗೆಗೆ ಹಿಡಿದು, ಸ್ಪರ್ಧೆಯಿಲ್ಲದೆ, ನಿಗದಿತ ಸಮಯ ಗುಂಪು ಗುಂಪಾಗಿ ಓಡಿಸೋದು. ಇಲ್ಲಿ ವೇಗ ಹೆಚ್ಚು, ಬಿಸಿ ಇನ್ನೂ ಹೆಚ್ಚು. ಆಟೋಕ್ರಾಸ್ ಓಟ ಒಂದೆರಡು ನಿಮಿಷದ್ದು, ಆಮೇಲೆ ಕಾರು ತಣ್ಣಗಾಗುತ್ತೆ. ಟ್ರ್ಯಾಕಿನಲ್ಲಿ ಹದಿನೈದಿಪ್ಪತ್ತು ನಿಮಿಷ ಬಿಡುವೇ ಇಲ್ಲ. ಹಾಗಾಗಿ ಒಂದಕ್ಕೆ ಸಾಕಾಗುವ ಕಾರು ಇನ್ನೊಂದಕ್ಕೆ ಸಾಕಾಗಲ್ಲ.

ಮೊದಲು ಬ್ರೇಕು

ಸ್ವಲ್ಪ ಲೆಕ್ಕ ನೋಡೋಣ. 1,100 ಕೆಜಿಯ ಕಾರು 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನ ಶಕ್ತಿ ಸುಮಾರು 153 ಕಿಲೋಜೂಲ್. 120ರಲ್ಲಿ 611. ವೇಗ ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟು. 120ರಿಂದ 60ಕ್ಕೆ ಇಳಿಸೋ ಪ್ರತಿ ಬ್ರೇಕಿಗೆ 450 ಕಿಲೋಜೂಲಿನಷ್ಟು ಶಾಖ ಹುಟ್ಟುತ್ತೆ. ಅದರಲ್ಲಿ ನೂರಕ್ಕೆ 70ರಷ್ಟನ್ನ ಮುಂದಿನ ಬ್ರೇಕುಗಳೇ ಹೊರುತ್ತವೆ ಅಂದುಕೊಳ್ಳಿ. 5 ಕೆಜಿಯ ಬೀಡುಕಬ್ಬಿಣದ ಡಿಸ್ಕ್ ಒಂದೇ ಬ್ರೇಕಿಗೆ ಸುಮಾರು 70 ಡಿಗ್ರಿ ಬಿಸಿಯಾಗುತ್ತೆ. ಅದು ಆರುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತೆ.

ಈ ಬಿಸಿ ಪ್ಯಾಡಿನಿಂದ ನಾವು ಬ್ರೇಕ್ ಆಯಿಲ್ ಅನ್ನೋ ದ್ರವಕ್ಕೆ ಇಳಿಯುತ್ತೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ಮಾನದಂಡ. ಆದರೆ ಅದು ಗಾಳಿಯಲ್ಲಿನ ತೇವ ಹೀರುತ್ತೆ. ತೇವ ಹೀರಿದ ದ್ರವಕ್ಕೆ ಇರೋ ಮಾನದಂಡ 155 ಡಿಗ್ರಿ ಮಾತ್ರ. ದ್ರವ ಕುದಿದು ಆವಿಯ ಗುಳ್ಳೆ ಎದ್ದರೆ ಪೆಡಲ್ ನೆಲಕ್ಕೆ ಹೋಗುತ್ತೆ, ಕಾರು ನಿಲ್ಲಲ್ಲ.

ಆದ್ದರಿಂದ ಮೊದಲ ಖರ್ಚು ಇಷ್ಟೇ: ಸೀಲ್ ಒಡೆಯದ ಡಬ್ಬಿಯಿಂದ ಹೊಸ ಡಾಟ್ 4 ದ್ರವ, ಒಳ್ಳೇ ಪ್ಯಾಡ್, ಹಳೇ ರಬ್ಬರ್ ಹೋಸ್ ಬಿರುಕು ಬಿಟ್ಟಿದ್ದರೆ ಅದರ ಬದಲಾವಣೆ. ಡಾಟ್ 5 ಅಂತ ಮಾರೋದು ಸಿಲಿಕೋನ್ ದ್ರವ. ಅದನ್ನ ಡಾಟ್ 4ರ ಜೊತೆ ಬೆರೆಸಬಾರದು, ನಂಬರ್ ದೊಡ್ಡದು ಅಂತ ಮೋಸ ಹೋಗಬೇಡಿ. ಟ್ರ್ಯಾಕಿಗಾಗೇ ಮಾಡಿದ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯಲ್ಲ. ಬೆಳಗ್ಗೆ ಮನೆಯಿಂದ ಹೊರಟಾಗ ಎದುರಿಗೆ ಎಮ್ಮೆ ಬಂದರೆ ಕಷ್ಟ. ದಿನಾ ಓಡಿಸೋ ಕಾರಿಗೆ ಅದು ಬೇಡ.

ಆಮೇಲೆ ಟೈರು

ಕಾರಿಗೂ ನೆಲಕ್ಕೂ ಇರೋ ಸಂಬಂಧ ನಾಲ್ಕು ಅಂಗೈ ಅಗಲದ ರಬ್ಬರ್. ಎಂಜಿನ್ ಎಷ್ಟು ಶಕ್ತಿ ಕೊಟ್ಟರೂ ಈ ನಾಲ್ಕು ಅಂಗೈ ದಾಟಿಯೇ ನೆಲ ಮುಟ್ಟಬೇಕು. ಅದೇ ಮಾದರಿಯ ಮೇಲಿನ ವೇರಿಯಂಟಿಗೆ ಕಂಪನಿಯೇ ಕೊಡೋ ಅಳತೆಯಲ್ಲಿ ಒಳ್ಳೇ ಟೈರ್ ಹಾಕಿ. ಅಷ್ಟು ಸಾಕು. 17 ಇಂಚಿನ ರಿಮ್, ತೆಳ್ಳನೆಯ ಟೈರ್ ನೋಡೋಕೆ ಚೆಂದ. ಆದರೆ ಸವದತ್ತಿ-ರಾಮದುರ್ಗ ಕಡೆಯ ಒಂದು ಗುಂಡಿ ಸಾಕು ರಿಮ್ ಬಾಗೋಕೆ.

ದುಡ್ಡಿಲ್ಲದೆ ಆಗೋ ಬದಲಾವಣೆ ಗಾಳಿ. ತಣ್ಣಗಿದ್ದಾಗ ಅಳೆಯಿರಿ, ಓಡಿಸಿ ಬಂದ ತಕ್ಷಣ ಮತ್ತೆ ಅಳೆಯಿರಿ, ಬರೆದಿಡಿ. ಸ್ವಂತ ಗೇಜ್ ಇಟ್ಟುಕೊಳ್ಳಿ. ಮನೆಗೆ ಹೊರಡೋ ಮೊದಲು ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿರೋ ಒತ್ತಡಕ್ಕೆ ತನ್ನಿ.

ಸ್ಪ್ರಿಂಗ್ ಕತ್ತರಿಸಬೇಡಿ

ಇದು ಅನುಭವದ ಮಾತು. ಎಂಜಿನಿಯರಿಂಗ್ ಓದುವಾಗ ನಾನು ಹಳೇ ಕಾರೊಂದರ ಸ್ಪ್ರಿಂಗನ್ನ ಒಂದು ಸುತ್ತು ಕತ್ತರಿಸಿ ತಗ್ಗಿಸಿದ್ದೆ. ಪಠ್ಯದಲ್ಲಿ ಗುರುತ್ವ ಕೇಂದ್ರ ಓದಿದ್ದೆ, ಊರ ರಸ್ತೆ ಲೆಕ್ಕಕ್ಕೆ ತಗೊಂಡಿರಲಿಲ್ಲ. ಒಂದು ವಾರದೊಳಗೆ ಹಂಪ್ ತಾಗಿ ಆಯಿಲ್ ಸಂಪ್ ಒಡೆಯಿತು.

ತಗ್ಗಿಸಿದರೆ ಸಿಗೋದೇನು? 1,000 ಕೆಜಿ ಕಾರು, ನೆಲದಿಂದ 55 ಸೆಂ.ಮೀ. ಮೇಲೆ ಗುರುತ್ವ ಕೇಂದ್ರ, ಎಡ-ಬಲ ಚಕ್ರಗಳ ನಡುವೆ 1.45 ಮೀಟರ್. 0.8 ಜಿ ಬಲದಲ್ಲಿ ತಿರುವು ತಗೊಂಡರೆ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸುಮಾರು 303 ಕೆಜಿ ಭಾರ ಜರುಗುತ್ತೆ. ಕಾರನ್ನ 3 ಸೆಂ.ಮೀ. ತಗ್ಗಿಸಿದರೆ ಅದು 287 ಆಗುತ್ತೆ. ಉಳಿತಾಯ 16 ಕೆಜಿ! ಅದಕ್ಕೆ ಬದಲಾಗಿ ಸಸ್ಪೆನ್ಷನ್ ಕುಗ್ಗೋಕೆ ಇದ್ದ ಜಾಗದಲ್ಲಿ 3 ಸೆಂ.ಮೀ. ಹೋಯಿತು. ತಿರುವಿನ ನಡುವೆ ಉಬ್ಬು ಸಿಕ್ಕರೆ ಶಾಕ್ ತಳ ಮುಟ್ಟಿ ಟೈರು ಹಿಡಿತ ಬಿಡುತ್ತೆ.

ರಸ್ತೆ ಉಬ್ಬಿಗೆ ಐಆರ್‌ಸಿ 99 ಅನ್ನೋ ಮಾನದಂಡವಿದೆ: 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಊರ ಮುಂದೆ ರಾತ್ರೋರಾತ್ರಿ ಏಳೋ ಹಂಪುಗಳಿಗೆ ಅದು ಗೊತ್ತಿಲ್ಲ. ಹಾಗಾಗಿ ಸವೆದ ಶಾಕ್, ಬುಷ್ ಬದಲಿಸಿ, ಅಲೈನ್‌ಮೆಂಟ್ ಸರಿ ಮಾಡಿಸಿ, ಅಲ್ಲಿಗೆ ನಿಲ್ಲಿಸಿ. ಹಳೇ ಕಾರು ಇಷ್ಟಕ್ಕೇ ಹೊಸದರ ಹಾಗೆ ತಿರುಗುತ್ತೆ.

ರೋಲ್ ಕೇಜ್ ಕೂಡ ದಿನದ ಕಾರಿಗೆ ಬೇಡ. ಹೆಲ್ಮೆಟ್ ಇದ್ದಾಗ ಜೀವ ಉಳಿಸೋ ಅದೇ ಕಬ್ಬಿಣದ ಪೈಪು, ಹೆಲ್ಮೆಟ್ ಇಲ್ಲದೆ ಕೂತ ಹಿಂದಿನ ಸೀಟಿನ ಮಗುವಿನ ತಲೆಗೆ ಬಡಿಯುತ್ತೆ.

ಕಾನೂನು ಏನನ್ನುತ್ತೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿ ಮೂಲತಃ ಕೊಟ್ಟ ವಿವರಕ್ಕಿಂತ ಬೇರೆಯಾಗೋ ಹಾಗೆ ವಾಹನವನ್ನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳ ಹೈಕೋರ್ಟಿನ ತೀರ್ಪನ್ನ ಬದಿಗಿಟ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಬ್ರೇಕ್ ಪ್ಯಾಡ್, ದ್ರವ, ಕಂಪನಿ ಅಳತೆಯ ಟೈರ್, ಶಾಕ್ ಇವೆಲ್ಲ ಸವೆದು ಬದಲಾಗೋ ಭಾಗಗಳು. ಇಲ್ಲಿ ತಕರಾರಿಲ್ಲ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ನಮೂದಾಗಬೇಕು. ಸದ್ದು ಮಾಡೋ ಸೈಲೆನ್ಸರ್, ತೆಗೆದುಹಾಕಿದ ಕ್ಯಾಟಲಿಟಿಕ್ ಕನ್ವರ್ಟರ್ ಶಬ್ದ ಮತ್ತು ಹೊಗೆಯ ನಿಯಮ ಮುರಿಯುತ್ತವೆ. ಅದಕ್ಕೆ 190ನೇ ಕಲಂನಲ್ಲಿ 10,000 ರೂಪಾಯಿವರೆಗೆ ದಂಡವಿದೆ. ಸಾರ್ವಜನಿಕ ಜಾಗದಲ್ಲಿ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ರೇಸ್ ನಡೆಸಿದರೆ 189ನೇ ಕಲಂ. ಸಾರ್ವಜನಿಕ ಜಾಗ ಅಂದರೆ ಬರೀ ರಸ್ತೆಯಲ್ಲ, ಜನರಿಗೆ ಪ್ರವೇಶದ ಹಕ್ಕಿರೋ ಯಾವ ಜಾಗವೂ ಹೌದು.

ಇನ್ಶೂರೆನ್ಸ್ ಪಾಲಿಸಿಯನ್ನೂ ತೆಗೆದು ಓದಿ. ಸಂಘಟಿತ ರೇಸಿಂಗ್, ವೇಗ ಪರೀಕ್ಷೆಗೆ ಕಾರು ಬಳಸಿದರೆ ರಕ್ಷಣೆ ಇಲ್ಲ ಅಂತ ಅದರಲ್ಲೇ ಬರೆದಿರುತ್ತೆ. ಟ್ರ್ಯಾಕಿನಲ್ಲಿ ಗೋಡೆಗೆ ಗುದ್ದಿದರೆ ಖರ್ಚು ನಿಮ್ಮದೇ. ಸಾಲದಲ್ಲಿರೋ ಕಾರಾಗಿದ್ದರೆ ಕಾರು ಹೋದ ಮೇಲೂ ಕಂತು ಉಳಿಯುತ್ತೆ.

ಎಲ್ಲಿ ಓಡಿಸೋದು?

ಇಲ್ಲಿಂದ ವಿಷಯ ಗ್ಯಾರೇಜು ದಾಟಿ ರಾಜಕೀಯಕ್ಕೆ ಬರುತ್ತೆ.

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಸರ್ಕ್ಯೂಟು 3.7 ಕಿ.ಮೀ. ಉದ್ದದ್ದು, 1990ರಿಂದ ಇದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿ.ಮೀ. ಕಿತ್ತೂರಿನಿಂದ ಚೆನ್ನೈ ಟ್ರ್ಯಾಕಿಗೆ 700 ಕಿ.ಮೀ.ಗೂ ಹೆಚ್ಚು. ಹೋಗಿ, ಓಡಿಸಿ, ಅದೇ ಟೈರು ಅದೇ ಬ್ರೇಕಿನ ಮೇಲೆ ವಾಪಸ್ ಬರಬೇಕು. ಉತ್ತರ ಕರ್ನಾಟಕದಲ್ಲಿ ಕಾರಿಗೆ ಒಂದೂ ಶಾಶ್ವತ ರೇಸ್ ಟ್ರ್ಯಾಕ್ ಇಲ್ಲ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಇರೋದು ಬೆಳಗಾವಿಯಲ್ಲೇ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೈಯಾರೆ ಕಾರು ಕಟ್ಟಿ ಸ್ಪರ್ಧಿಸೋ ಫಾರ್ಮುಲಾ ಭಾರತ್‌ ನಡೆಯೋದು ಮಾತ್ರ ಕೊಯಮತ್ತೂರಿನಲ್ಲಿ.

ಹತ್ತಿರದಲ್ಲಿರೋ ನುಣುಪು ಡಾಂಬರು ಅಂದರೆ ರಾಷ್ಟ್ರೀಯ ಹೆದ್ದಾರಿ 48. ಜಾಗ ಸಿಗದ ಆಸೆ ರಾತ್ರಿ ಹೊತ್ತು ಅಲ್ಲಿಗೇ ಹೋಗುತ್ತೆ. ಅದೇ ರಸ್ತೆಯಲ್ಲಿ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಬ್ಬು ಹೇರಿಕೊಂಡು, ಹಿಂದೆ ದೀಪವಿಲ್ಲದೆ, ಮುಂದೆ ಡಿಜೆ ಹಾಕಿಕೊಂಡ ಟ್ರ್ಯಾಕ್ಟರ್ ಬರುತ್ತೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಸಾವಿಗೆ ಅತಿವೇಗ ಕಾರಣ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತೆ. ಸೈಲೆನ್ಸರ್ ಜಪ್ತಿ ಮಾಡಿ ರೋಡ್ ರೋಲರ್ ಕೆಳಗೆ ಹಾಕೋ ಫೋಟೊಗಳಿಂದ ಈ ಸಂಖ್ಯೆ ಇಳಿಯಲ್ಲ.

ನಮ್ಮ ಭಾಗಕ್ಕೆ ಓಟದ ಹುಚ್ಚು ಹೊಸದೇನಲ್ಲ. ಜಾತ್ರೆಯಲ್ಲಿ ಖಾಲಿ ಗಾಡಿ ಶರ್ಯತ್ತು ನೋಡಿ ಬೆಳೆದವರು ನಾವು. ಎತ್ತಿನ ಗಾಡಿ ಓಟಕ್ಕೆ, ಕಂಬಳಕ್ಕೆ ಕುತ್ತು ಬಂದಾಗ ರಾಜ್ಯ ಸರ್ಕಾರ 2017ರಲ್ಲಿ ಕಾಯ್ದೆ ತಿದ್ದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಅಂದರೆ ಜನರ ಆಟಕ್ಕೆ ನಿಯಮ ಮಾಡಿ ಜಾಗ ಕೊಡೋದು ಸರ್ಕಾರಕ್ಕೆ ಗೊತ್ತಿಲ್ಲದ ಕೆಲಸವಲ್ಲ.

ಆಟೋಕ್ರಾಸ್‌ಗೆ ನೂರಾರು ಕೋಟಿಯ ಸರ್ಕ್ಯೂಟ್ ಬೇಕಿಲ್ಲ. ಬೇಕಿರೋದು ಸುಮಾರು 100 ಮೀಟರ್ ಉದ್ದ, 60 ಮೀಟರ್ ಅಗಲದ ಗಟ್ಟಿ ನೆಲ, ಗೇಟು, ಕೋನ್, ಒಂದು ಆಂಬುಲೆನ್ಸ್, ಬೆಂಕಿ ಆರಿಸೋ ಸಿಲಿಂಡರ್, ಹೆಲ್ಮೆಟ್ ಮತ್ತು ಕಾರು ತಪಾಸಿಸೋ ಒಬ್ಬ ಜವಾಬ್ದಾರಿಯ ಮನುಷ್ಯ. ಮುನವಳ್ಳಿ, ಎಂ.ಕೆ. ಹುಬ್ಬಳ್ಳಿಯಂಥ ಸಕ್ಕರೆ ಕಾರ್ಖಾನೆಗಳ ಕಬ್ಬಿನ ಯಾರ್ಡು ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಖಾಲಿ ಇರುತ್ತೆ. ಗೇಟು ಹಾಕಿದ ಅಂಥ ಜಾಗದಲ್ಲಿ, ದೇಶದ ಮೋಟಾರ್ ಕ್ರೀಡೆ ನೋಡಿಕೊಳ್ಳೋ ಎಫ್‌ಎಂಎಸ್‌ಸಿಐ ಮಾನ್ಯತೆಯ ಕ್ಲಬ್ಬಿನ ಮೂಲಕ, ಜಿಲ್ಲಾಡಳಿತದ ಅನುಮತಿ ಪಡೆದು ತಿಂಗಳಿಗೊಂದು ಭಾನುವಾರ ನಡೆಸಬಹುದು. ಕೇಳೋಕೆ ನಾಲ್ಕು ತಾಲೂಕಿನ ಹುಡುಗ ಹುಡುಗಿಯರು ಒಂದು ಅರ್ಜಿಗೆ ಸಹಿ ಹಾಕಬೇಕು ಅಷ್ಟೇ. ಕ್ರೀಡಾ ಇಲಾಖೆಗೆ ಒಂದು ಪ್ರತಿ, ಶಾಸಕರಿಗೆ ಒಂದು ಪ್ರತಿ.

ಹೊರಡೋ ಮೊದಲು

ಆಟದ ದಿನ ಡಿಕ್ಕಿಯಲ್ಲಿನ ಜ್ಯಾಕು, ನೀರಿನ ಬಾಟಲಿ, ಡ್ಯಾಶ್‌ಬೋರ್ಡಿನ ದೇವರ ಮೂರ್ತಿ, ನೆಲದ ಮ್ಯಾಟು ಎಲ್ಲ ಕೆಳಗಿಳಿಸಿ. ಪೆಡಲ್ ಕೆಳಗೆ ಉರುಳೋ ಒಂದು ಬಾಟಲಿ ಸಾಕು ಅನಾಹುತಕ್ಕೆ. ಚಕ್ರದ ನಟ್ಟುಗಳನ್ನ ಟಾರ್ಕ್ ರೆಂಚಿನಲ್ಲಿ ನೋಡಿ, ಓಡಿಸಿದ ಮೇಲೂ ನೋಡಿ. ಎಂಜಿನ್ ಆಯಿಲ್ ಮೇಲಿನ ಗುರುತಿನ ಹತ್ತಿರ ಇರಲಿ, ಉದ್ದ ತಿರುವಿನಲ್ಲಿ ಆಯಿಲ್ ಪಕ್ಕಕ್ಕೆ ಸರಿದರೆ ಪಂಪಿಗೆ ಸಿಗಲ್ಲ. ಟ್ರ್ಯಾಕಿನಲ್ಲಿ ಕೊನೆ ಸುತ್ತು ಬ್ರೇಕ್ ಒತ್ತದೆ ನಿಧಾನಕ್ಕೆ ಬನ್ನಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಇಷ್ಟೆಲ್ಲ ಆದಮೇಲೂ ದುಡ್ಡು ಉಳಿದಿದ್ದರೆ ರೀಮ್ಯಾಪ್ ಮಾಡಿಸಬೇಡಿ. ಕೊಲ್ಹಾಪುರದ ಗೋ-ಕಾರ್ಟ್ ಟ್ರ್ಯಾಕಿಗೆ ನಾಲ್ಕು ಸಲ ಹೋಗಿ ಬನ್ನಿ, ಓಡಿಸೋದನ್ನ ಕಲಿಯಿರಿ. ಮೊದಲ ವರ್ಷ ಕಾರಿಗಿಂತ ಹೆಚ್ಚು ಸೆಕೆಂಡು ಕಳೆದುಕೊಳ್ಳೋದು ಸ್ಟೀರಿಂಗ್ ಹಿಂದೆ ಕೂತವರೇ. ಸೋಮವಾರ ಬೆಳಗ್ಗೆ ಅದೇ ಕಾರಲ್ಲಿ ಅಪ್ಪನನ್ನ ದವಾಖಾನೆಗೆ ಕರ್ಕೊಂಡು ಹೋಗೋದಿದೆ. ಭಾನುವಾರ ಕಾರಿಗೆ ಏನೇ ಮಾಡಿಸಿದರೂ ಸೋಮವಾರದ ಆ ಪಯಣಕ್ಕೆ ತೊಂದರೆ ಆಗಬಾರದು.