ಕಾರಾಪುರದ ಮಾವುತನ ಮಗ ಹಾಲಿವುಡ್‌ಗೆ ಹೋದ ಕಥೆ

ಕಳೆದ ವರ್ಷ ರಜೆ ಸಿಕ್ಕಾಗ ನಾವು ಊರಿಗೆ ಹೋಗುವ ಮೊದಲು ಒಂದು ವಾರ ಸಿಂಗಾಪುರದಲ್ಲಿರುವ ತಮ್ಮನ ಮನೆಯಲ್ಲಿದ್ದೆವು. ಅವನ ಆಫೀಸು ಇರುವುದು ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ. ವಿಮಾನ ನಿಲ್ದಾಣಕ್ಕೆ ಹತ್ತಿರದ ಜಾಗ. ಸುತ್ತಲೂ ಬ್ಯಾಂಕು, ಐಟಿ ಕಂಪನಿಗಳ ದೊಡ್ಡ ಕಟ್ಟಡಗಳು. ಮಧ್ಯಾಹ್ನ ಊಟದ ಹೊತ್ತಿಗೆ ಕೊರಳಲ್ಲಿ ಐಡಿ ಕಾರ್ಡ್ ನೇತುಹಾಕಿಕೊಂಡ ನಮ್ಮ ದೇಶದ ಹುಡುಗ ಹುಡುಗಿಯರು ಸಾಲಾಗಿ ಹೊರಗೆ ಬರುತ್ತಾರೆ. ಒಂದು ದಿನ ತಮ್ಮನ ಜೊತೆ ಕೆಲಸ ಮಾಡುವ ಮೂವರು ಕನ್ನಡದ ಹುಡುಗರೊಂದಿಗೆ ನಾವೂ ಊಟಕ್ಕೆ ಕೂತೆವು.

ಮಾತು ಸಿನಿಮಾಕ್ಕೆ ತಿರುಗಿತು. ಹಾಲಿವುಡ್‌ನಲ್ಲಿ ಹೆಸರು ಮಾಡಿದ ನಮ್ಮವರು ಯಾರು ಎಂದರೆ ಇರ್ಫಾನ್ ಖಾನ್, ಓಂ ಪುರಿ, ಪ್ರಿಯಾಂಕಾ ಚೋಪ್ರಾ ಎಂದು ಹೆಸರುಗಳು ಬಂದವು. "ಸರಿ, ನಮ್ಮ ಕರ್ನಾಟಕದವರು?" ಎಂದು ಕೇಳಿದೆವು. ಹಾಸನದ ಹುಡುಗ ನಕ್ಕು, "ಅಂಥವರು ಯಾರೂ ಇಲ್ಲ ಬಿಡಿ ಅಣ್ಣಾ" ಅಂದ.

ಇದ್ದ. ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದ ಹುಡುಗ. ಹೆಸರು ಸಾಬು. ನಾವೂ ಮೈಸೂರು ಸೀಮೆಯವರೇ. ಆದರೂ ಆ ಹೆಸರು ನಮ್ಮ ಕಿವಿಗೆ ಬಿದ್ದದ್ದು ನಲವತ್ತು ದಾಟಿದ ಮೇಲೆ. ಹಾಗಾಗಿ ಆ ಹುಡುಗರನ್ನು ದೂರುವಂತಿರಲಿಲ್ಲ.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು. ಕಾರಾಪುರ ಈಗ ಸಫಾರಿಗೆ ಬರುವ ಪ್ರವಾಸಿಗರು ಇಳಿದುಕೊಳ್ಳುವ, ಕಬಿನಿ ಹಿನ್ನೀರಿನ ದಡದ ಊರು. ಆಗ ಅಣೆಕಟ್ಟೂ ಇರಲಿಲ್ಲ, ಹಿನ್ನೀರೂ ಇರಲಿಲ್ಲ. ಕಾಡು ಇತ್ತು, ಆನೆ ಇತ್ತು. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ಎಳೆಯ ವಯಸ್ಸಿನಲ್ಲೇ ತಾಯಿ, ಆಮೇಲೆ ತಂದೆ ತೀರಿಕೊಂಡರು. ಹುಡುಗ ಅರಮನೆಯ ಆನೆ ಲಾಯದ ಆಶ್ರಯದಲ್ಲಿ ಬೆಳೆದ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕರು ಮೈಸೂರಿಗೆ ಬಂದರು. ಎಸ್ಕಿಮೋ ಜನರ ಬದುಕಿನ ಬಗ್ಗೆ 'ನಾನೂಕ್ ಆಫ್ ದ ನಾರ್ತ್' ಚಿತ್ರ ಮಾಡಿ ಹೆಸರಾಗಿದ್ದವರು. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವರಿಗಾಗಿ, ಕಿಪ್ಲಿಂಗ್ ಬರೆದ ಮಾವುತನ ಮಗನ ಕಥೆಯೊಂದನ್ನು ಸಿನಿಮಾ ಮಾಡಲು ಬಂದಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ತಂಡಕ್ಕೆ ಚಿತ್ತರಂಜನ್ ಮಹಲನ್ನು ಬಿಟ್ಟುಕೊಟ್ಟರು, ಆನೆಗಳನ್ನೂ ಕೊಟ್ಟರು. ಬೇಕಾಗಿದ್ದದ್ದು ಒಬ್ಬ ಹುಡುಗ. ಅವನು ಆನೆ ಲಾಯದಲ್ಲೇ ಸಿಕ್ಕಿದ. ಆಗ ಸಾಬುಗೆ 11 ವರ್ಷ. ಇಂಗ್ಲಿಷ್ ಬಾರದು. ಆದರೆ ಆನೆಯ ಮುಂದೆ ಅವನಿಗೆ ನಟನೆ ಕಲಿಸಬೇಕಾಗಿರಲಿಲ್ಲ. ಐರಾವತ ಎಂಬ ದೊಡ್ಡ ಆನೆಯ ಮೇಲೆ ಕೂತು ಅವನು ದಿನವೂ ಮಾಡುತ್ತಿದ್ದದ್ದನ್ನೇ ಕ್ಯಾಮೆರಾ ಎದುರಿಗೂ ಮಾಡಿದ.

ಮೈಸೂರಿನ ಚಿತ್ರೀಕರಣ ಮುಗಿದ ಮೇಲೆ ಉಳಿದ ಭಾಗಕ್ಕಾಗಿ ಅವನನ್ನು ಇಂಗ್ಲೆಂಡಿಗೆ ಕರೆದೊಯ್ದರು. ಜೊತೆಗೆ ಹೋದವನು ಅಣ್ಣ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂತು. ಫ್ಲಾಹರ್ಟಿ ಮತ್ತು ಜೋಲ್ಟನ್ ಕೊರ್ಡಾ ಅವರಿಗೆ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂತು. 13 ವರ್ಷದ ಸಾಬು ಲಂಡನ್ನಿನಲ್ಲಿ ಮನೆಮಾತಾದ.

ಇಲ್ಲಿ ಹೆಸರಿನ ವಿಷಯ ಹೇಳಬೇಕು. ಎಷ್ಟೋ ಪುಸ್ತಕಗಳಲ್ಲಿ ಅವನ ಹೆಸರು 'ಸಾಬು ದಸ್ತಗೀರ್' ಎಂದಿದೆ. ದಸ್ತಗೀರ್ ಎನ್ನುವುದು ಅಣ್ಣನ ಹೆಸರು, ಸಾಬುವಿನ ನಿಜವಾದ ಹೆಸರು ಸೇಲಾರ್ ಶೇಖ್ ಸಾಬು ಎಂದು ಆಮೇಲೆ ಹುಡುಕಿ ನೋಡಿದವರು ಹೇಳುತ್ತಾರೆ. ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವ ನಮಗೆ ಇದು ಹೊಸದಲ್ಲ. ಅಪ್ಪನ ಹೆಸರು ಮನೆತನದ ಹೆಸರಾಗಿ, ಊರಿನ ಹೆಸರು ಸ್ವಂತ ಹೆಸರಾಗಿ ಕಾರ್ಡಿನಲ್ಲಿ ಕೂತವರನ್ನು ದಿನವೂ ನೋಡುತ್ತೇವೆ. ಔಷಧಿ ಕೊಡುವ ಮೊದಲು ಹೆಸರಿನ ಜೊತೆ ಹುಟ್ಟಿದ ದಿನವನ್ನೂ ಕೇಳುವುದು ಅದಕ್ಕೇ. ಕೂಗಿದ ಹೆಸರು ತನ್ನದೇ ಎಂದು ಗೊತ್ತಾಗದೆ ಸುಮ್ಮನೆ ಕೂತಿರುವ ನಮ್ಮ ಜನ ಎಷ್ಟಿಲ್ಲ!

1938ರಲ್ಲಿ ಬಂದ 'ದ ಡ್ರಮ್' ಚಿತ್ರದಲ್ಲಿ ಸಾಬು ಬ್ರಿಟಿಷರ ಸ್ನೇಹಿತನಾದ ರಾಜಕುಮಾರ. ಅದು ಸಾಮ್ರಾಜ್ಯದ ಪರವಾದ ಚಿತ್ರವೆಂದು ಬೊಂಬಾಯಿ, ಮದ್ರಾಸುಗಳಲ್ಲಿ ಜನ ಪ್ರತಿಭಟಿಸಿದರು. ಹದಿನಾಲ್ಕರ ಹುಡುಗನಿಗೆ ಕಥೆ ಆರಿಸುವ ಅಧಿಕಾರ ಎಲ್ಲಿಂದ ಬರಬೇಕು? ನಂತರದ್ದು 'ದ ಥೀಫ್ ಆಫ್ ಬಾಗ್ದಾದ್'. ಇಂಗ್ಲೆಂಡಿನಲ್ಲಿ ಶುರುವಾದ ಚಿತ್ರ, ಯುದ್ಧ ಬಂದದ್ದರಿಂದ ಅಮೆರಿಕದಲ್ಲಿ ಮುಗಿಯಿತು. 1940ರಲ್ಲಿ ತೆರೆಕಂಡು ಮೂರು ಆಸ್ಕರ್ ಪಡೆಯಿತು. ಸಾಬು ಹಾಲಿವುಡ್ ಸೇರಿದ್ದು ಹೀಗೆ. 1942ರ 'ಜಂಗಲ್ ಬುಕ್'ನಲ್ಲಿ ಮೋಗ್ಲಿಯಾದ. ಆಮೇಲೆ ಯೂನಿವರ್ಸಲ್ ಕಂಪನಿಗೆ 'ಅರೇಬಿಯನ್ ನೈಟ್ಸ್', 'ಕೋಬ್ರಾ ವುಮನ್'ಗಳಂಥ ಬಣ್ಣದ ಚಿತ್ರಗಳು. ವೇಷ ಬದಲಾಯಿತು, ಪಾತ್ರ ಹೆಚ್ಚು ಬದಲಾಗಲಿಲ್ಲ: ಯಾವುದೋ ದೂರದ ದೇಶದ ಚುರುಕು ಹುಡುಗ, ಮುಖ್ಯ ನಾಯಕನ ಗೆಳೆಯ.

1944ರ ಜನವರಿಯಲ್ಲಿ ಸಾಬು ಅಮೆರಿಕದ ಪ್ರಜೆಯಾದ. ಭಾರತೀಯರಿಗೆ ಸಾಮಾನ್ಯವಾಗಿ ಅಲ್ಲಿನ ಪೌರತ್ವ ತೆರೆದದ್ದು 1946ರ ಕಾನೂನಿನಿಂದ. ಹಾಗಾಗಿ ಇದು ಆಗ ಸಣ್ಣ ಮಾತಲ್ಲ. ಸೈನ್ಯದ ವಾಯುಪಡೆ ಸೇರಿ, ಬಿ-24 ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ಯುದ್ಧಕ್ಕೆ ಹೋದ. ನಾವು ಊಟಕ್ಕೆ ಕೂತಿದ್ದ ಇದೇ ಚಾಂಗಿ ಆಗ ಜಪಾನೀಯರ ವಶದಲ್ಲಿ ಯುದ್ಧಕೈದಿಗಳ ಶಿಬಿರವಾಗಿತ್ತು. ಅದೇ ಜಪಾನಿನ ವಿರುದ್ಧ ಕಾರಾಪುರದ ಹುಡುಗ ಹಾರುತ್ತಿದ್ದ. ಶೌರ್ಯಕ್ಕೆ 'ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್' ಪದಕ ಬಂತು.

ಯುದ್ಧದಿಂದ ಮರಳಿದಾಗ ಅವನಿಗೆ ಇಪ್ಪತ್ತು ದಾಟಿತ್ತು. 1947ರ 'ಬ್ಲ್ಯಾಕ್ ನಾರ್ಸಿಸಸ್'ನಂಥ ಒಳ್ಳೆಯ ಚಿತ್ರ ಬಂತಾದರೂ ಹಾಲಿವುಡ್‌ಗೆ ಬೇಕಾಗಿದ್ದದ್ದು ಆ ಹಳೆಯ ಹುಡುಗನೇ. ನಟಿ ಮೆರಿಲಿನ್ ಕೂಪರ್ ಅವರನ್ನು 1948ರಲ್ಲಿ ಮದುವೆಯಾದ, ಇಬ್ಬರು ಮಕ್ಕಳಾದರು. ಸಂಸಾರ ನಡೆಯಬೇಕಲ್ಲ! ಲಂಡನ್ನಿನ ಸರ್ಕಸ್ಸಿನಲ್ಲಿ ಆನೆಗಳ ಜೊತೆ ಪ್ರದರ್ಶನ ಕೊಟ್ಟ. ಇಟಲಿಗೆ ಹೋಗಿ ನಟಿಸಿದ. ಆ ಚಿತ್ರದ ಕಥೆಯಲ್ಲೂ ಆನೆಯೇ.

ನಮ್ಮನ್ನು ತಟ್ಟಿದ ಭಾಗ ಇನ್ನು ಮುಂದಿನದು. ಮೆಹಬೂಬ್ ಖಾನ್ ಅವರು 'ಮದರ್ ಇಂಡಿಯಾ' ಚಿತ್ರದ ಬಿರ್ಜು ಪಾತ್ರಕ್ಕೆ ಮೊದಲು ಯೋಚಿಸಿದ್ದು ಸಾಬುವನ್ನು. ಆದರೆ ಅವನು ಅಮೆರಿಕದ ಪ್ರಜೆ. ಭಾರತದಲ್ಲಿ ಕೆಲಸ ಮಾಡಲು ವರ್ಕ್ ಪರ್ಮಿಟ್ ಸಿಗಲಿಲ್ಲ. ಪಾತ್ರ ಸುನಿಲ್ ದತ್ ಪಾಲಾಯಿತು. 1957ರಲ್ಲಿ ಬಂದ ಆ ಚಿತ್ರ ಏನಾಯಿತೆಂದು ಎಲ್ಲರಿಗೂ ಗೊತ್ತು. ಭಾರತದ ಹುಡುಗನ ಪಾತ್ರವನ್ನೇ ಜೀವಮಾನವಿಡೀ ಮಾಡಿದವನು ಒಂದೇ ಒಂದು ಭಾರತೀಯ ಚಿತ್ರದಲ್ಲೂ ನಟಿಸಲಿಲ್ಲ.

1960ರಲ್ಲಿ ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಅವನ ಹೆಸರಿನ ನಕ್ಷತ್ರ ಬಂತು. ಅದೇ ವರ್ಷ ಅಣ್ಣ ಒಂದು ದರೋಡೆಯಲ್ಲಿ ಕೊಲೆಯಾದ. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದ ಮನೆಯಲ್ಲಿ ಸಾಬು ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 39. ಎರಡು ದಿನ ಮೊದಲಷ್ಟೇ ತಪಾಸಣೆಗೆ ಹೋಗಿದ್ದಾಗ, ಎಲ್ಲರೂ ನಿನ್ನಷ್ಟು ಆರೋಗ್ಯವಾಗಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ ಎಂಬರ್ಥದ ಮಾತನ್ನು ವೈದ್ಯರು ಆಡಿದ್ದರೆಂದು ಹೆಂಡತಿ ಆಮೇಲೆ ನೆನೆದರು. ಮೂವತ್ತು, ನಲವತ್ತರ ಆಸುಪಾಸಿನವರ ಎದೆನೋವಿನ ಚೀಟಿಗಳನ್ನು ಕೈಯಲ್ಲಿ ಹಿಡಿಯುವ ನಮಗೆ ಆ ಸಾಲನ್ನು ದಾಟಿ ಮುಂದೆ ಓದಲು ಸ್ವಲ್ಪ ಹೊತ್ತು ಬೇಕಾಯಿತು. ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್' ಅವನು ಹೋದ ಮೇಲೆ, 1964ರಲ್ಲಿ ಬಂತು.

ಇಷ್ಟು ಹೇಳಿ ಮುಗಿಸುವಾಗ ತಮ್ಮ ತಲೆಯೆತ್ತಲಿಲ್ಲ. ಅವನು ಸಿಂಗಾಪುರದ ಪೌರತ್ವಕ್ಕೆ ಅರ್ಜಿ ಹಾಕಬೇಕೋ ಬೇಡವೋ ಎಂದು ವರ್ಷದಿಂದ ತೂಗಿ ನೋಡುತ್ತಿದ್ದಾನೆ. ತೆಗೆದುಕೊಂಡರೆ ನಮ್ಮ ಪಾಸ್‌ಪೋರ್ಟ್ ಬಿಡಬೇಕು. "ಈಗ ಓಸಿಐ ಕಾರ್ಡ್ ಇದೆಯಲ್ಲ ಅಣ್ಣಾ. ಆ ಕಾಲದ ಹಾಗೆ ಬಾಗಿಲು ಮುಚ್ಚಿಹೋಗಲ್ಲ" ಅಂದ. ಅದು ನಿಜ. ಸಾಬುವಿಗೆ ಅಂಥದ್ದೊಂದು ಕಾರ್ಡ್ ಇರಲಿಲ್ಲ.

ಗಲ್ಫಿನಲ್ಲಿರುವ ನಮಗೆ ಆ ಚಿಂತೆಯೂ ಇಲ್ಲ. ಇಪ್ಪತ್ತು ವರ್ಷ ದುಡಿದರೂ ವೀಸಾ ಮುಗಿದ ದಿನ ಪೆಟ್ಟಿಗೆ ಕಟ್ಟಬೇಕು. ಅದನ್ನು ನಾವು ಎಷ್ಟೋ ಸಲ ಶಪಿಸಿದ್ದೇವೆ. ಊರಿನ ಬಾಗಿಲು ತೆರೆದೇ ಇರುತ್ತದೆ ಎನ್ನುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಊಟದ ಹೊತ್ತು ಮುಗಿಯಿತು. ಹಾಸನದ ಹುಡುಗ ಫೋನಿನಲ್ಲಿ 'ಎಲಿಫೆಂಟ್ ಬಾಯ್' ಹುಡುಕಿ ತೆಗೆದಿದ್ದ. ಕಪ್ಪು ಬಿಳುಪಿನ ಆ ಪುಟ್ಟ ಪರದೆಯಲ್ಲಿ, ತಲೆಗೆ ರುಮಾಲು ಸುತ್ತಿದ ಹುಡುಗನೊಬ್ಬ ಆನೆಯ ಕಿವಿಯ ಬಳಿ ಬಗ್ಗಿ ಏನೋ ಹೇಳುತ್ತಿದ್ದ. "ಇವನು ನಮ್ಮ ಕೋಟೆ ಕಡೆಯವನಾ?" ಎಂದು ಅವನು ಇನ್ನೊಮ್ಮೆ ಕೇಳಿದ. ಹೌದು ಎಂದೆವು. ನಾಲ್ವರೂ ಫೋನಿನ ಮೇಲೆ ತಲೆ ಬಗ್ಗಿಸಿಕೊಂಡೇ ಆಫೀಸಿನ ಕಡೆ ನಡೆದರು.