ರಗ್ಬಿ ಆಟದ ನಿಯಮಗಳೂ ವಂಚನೆಯ ದಂಡನೆಯೂ

ಇಂಗ್ಲೆಂಡಿನ ರಗ್ಬಿ ಎಂಬ ಊರಿನ ಶಾಲೆಯಲ್ಲಿ ರೂಪುಗೊಂಡು ಆ ಊರಿನ ಹೆಸರನ್ನೇ ಪಡೆದ ಆಟಕ್ಕೆ 1845ರಲ್ಲಿ ಮೊದಲ ಬಾರಿಗೆ ಲಿಖಿತ ನಿಯಮಗಳಾದವು. ಬರೆದವರು ಆ ಶಾಲೆಯ ವಿದ್ಯಾರ್ಥಿಗಳೇ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ಮುಂದಕ್ಕೆ ಎಸೆಯುವಂತಿಲ್ಲ. ಚೆಂಡು ಹಿಡಿದವನನ್ನು ಎದುರಾಳಿಗಳು ಅಪ್ಪಿ ನೆಲಕ್ಕೆ ಕೆಡವಬಹುದು. ಇಷ್ಟು ಮೈಗಳು ಒಂದರ ಮೇಲೊಂದು ಬೀಳುವ ಆಟದಲ್ಲಿ ಯಾರ ಕೈ ಎಲ್ಲಿತ್ತೆಂದು ಕಾಣುವುದು ಕಷ್ಟ. ಹೀಗಿದ್ದರೂ 1871ರಲ್ಲಿ 21 ಕ್ಲಬ್ಬುಗಳು ಕೂಡಿ ರಗ್ಬಿ ಫುಟ್‌ಬಾಲ್ ಯೂನಿಯನ್ ಸ್ಥಾಪಿಸಿದಾಗ ರಚಿತವಾದ ನಿಯಮಾವಳಿಯಲ್ಲಿ, ವಿವಾದಗಳನ್ನೆಲ್ಲ ಎರಡು ತಂಡಗಳ ನಾಯಕರೇ ತೀರ್ಮಾನಿಸತಕ್ಕದ್ದೆಂದು ವಿಧಿಸಲಾಗಿತ್ತು. ವಂಚಕನೊಬ್ಬನು ಮೈದಾನಕ್ಕೆ ಇಳಿಯಬಹುದೆಂಬ ಊಹೆಯೇ ಆ ಬರಹದಲ್ಲಿಲ್ಲ.

ಈ ವಿಶ್ವಾಸ ಬಹುಕಾಲ ಬಾಳಲಿಲ್ಲ. 1884ರ ಮಾರ್ಚ್ 1ರಂದು ಬ್ಲ್ಯಾಕ್‌ಹೀತ್‌ನಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಕಲ್ಕತ್ತಾ ಕಪ್ಪಿಗಾಗಿ ಸೆಣಸಿದವು. (ಈ ಕಪ್ಪಿನ ಕಥೆ ನಮ್ಮ ನೆಲಕ್ಕೆ ಸೇರಿದ್ದು. ಕಲ್ಕತ್ತೆಯ ಆಂಗ್ಲರ ರಗ್ಬಿ ಕ್ಲಬ್ಬು ಮುಚ್ಚಿಹೋದಾಗ, ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿಯ ರೂಪಾಯಿಗಳಾಗಿ ಪಡೆದು, ಕರಗಿಸಿ, ನಾಗರಹಾವಿನ ಹಿಡಿಗಳೂ ಮುಚ್ಚಳದ ಮೇಲೊಂದು ಆನೆಯೂ ಇರುವ ಪಾತ್ರೆ ಮಾಡಿಸಿ 1878ರಲ್ಲಿ ಲಂಡನ್ನಿಗೆ ಒಪ್ಪಿಸಿದರು. ಮುಚ್ಚಿದ ಸಂಸ್ಥೆಯ ಶಿಲ್ಕು ಇಷ್ಟು ಚೆನ್ನಾಗಿ ವಿನಿಯೋಗವಾಗುವುದು ಅಪರೂಪ.) ಆ ಪಂದ್ಯದಲ್ಲಿ ಸ್ಕಾಟ್ಲೆಂಡಿನ ಆಟಗಾರನೊಬ್ಬನು ಚೆಂಡನ್ನು ಕೈಯಿಂದ ಹಿಂದಕ್ಕೆ ತಟ್ಟಿದ, ಅದು ಇಂಗ್ಲೆಂಡಿನವರಿಗೆ ಸಿಕ್ಕಿ, ಅವರು ಗೆರೆ ದಾಟಿ ಪಂದ್ಯ ಗೆದ್ದರು. ಹಾಗೆ ತಟ್ಟುವುದು ನಿಯಮಬಾಹಿರ, ಆದ್ದರಿಂದ ಆಟ ಅಲ್ಲಿಗೇ ನಿಲ್ಲಬೇಕಿತ್ತೆಂದು ವಾದಿಸಿದವರು ಸ್ಕಾಟ್ಲೆಂಡಿನವರೇ! ತಾನೇ ತಪ್ಪಾಗಿ ಬರೆದುಕೊಟ್ಟ ಪತ್ರದ ದೋಷವನ್ನು ತೋರಿಸಿ ಸಾಲ ಸಂದಾಯದಿಂದ ನುಣುಚಿಕೊಳ್ಳುವ ಸಾಲಗಾರನ ವಾದವಿದು. ತಪ್ಪಿತಸ್ಥನು ತನ್ನ ತಪ್ಪಿನಿಂದಲೇ ಲಾಭ ಪಡೆಯಲಾಗದೆಂಬ ಇಂಗ್ಲೆಂಡಿನ ಉತ್ತರ ನ್ಯಾಯವಾದದ್ದು.

ಆದರೆ ಸ್ಕಾಟರ ಇನ್ನೊಂದು ಮಾತಿನಲ್ಲಿ ಹುರುಳಿತ್ತು. ನಿಯಮ ಬರೆದವರು ಇಂಗ್ಲೆಂಡಿನವರು. ಅದರ ಅರ್ಥ ಹೇಳುವವರೂ ಅವರೇ. ವ್ಯಾಜ್ಯದಲ್ಲಿ ಒಂದು ಪಕ್ಷವೂ ಅವರೇ. ವಾದಿಯೇ ನ್ಯಾಯಪೀಠದಲ್ಲಿ ಕುಳಿತರೆ ತೀರ್ಪು ಸರಿಯಿದ್ದರೂ ಸೋತವನಿಗೆ ಒಪ್ಪಿಗೆಯಾಗದು. 1885ರಲ್ಲಿ ಈ ಎರಡು ದೇಶಗಳ ನಡುವೆ ಪಂದ್ಯವೇ ನಡೆಯಲಿಲ್ಲ. 1886ರಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ಕೂಡಿ ಅಂತಾರಾಷ್ಟ್ರೀಯ ಮಂಡಳಿಯನ್ನು ರಚಿಸಿದವು. ಇಂಗ್ಲೆಂಡ್ ಹೊರಗುಳಿದು, 1888 ಮತ್ತು 1889ರಲ್ಲಿ ಆ ಮೂರು ದೇಶಗಳೊಡನೆ ಆಡುವ ಅವಕಾಶವನ್ನೇ ಕಳೆದುಕೊಂಡಿತು. 1890ರಲ್ಲಿ ಮಧ್ಯಸ್ಥರ ತೀರ್ಮಾನದಂತೆ ಮಂಡಳಿಯನ್ನು ಸೇರಿತು. ಅಷ್ಟರಲ್ಲಿ ತೀರ್ಪುಗಾರನ ಕೈಗೆ ಸೀಟಿ ಬಂದಿತ್ತು. 1890ರ ದಶಕದಲ್ಲಿ ಮೈದಾನದ ಪೂರ್ಣಾಧಿಕಾರವೂ ಬಂತು.

ಅಧಿಕಾರ ಬಂದರೂ ಕಣ್ಣುಗಳು ಎರಡೇ. 2002ರಲ್ಲಿ ಕಾರ್ಡಿಫ್‌ನಲ್ಲಿ ನಡೆದ ಹೈನೆಕೆನ್ ಕಪ್ಪಿನ ಅಂತಿಮ ಪಂದ್ಯದ ಕೊನೆಗಳಿಗೆಯಲ್ಲಿ ಲೆಸ್ಟರ್ ತಂಡದ ನೀಲ್ ಬ್ಯಾಕ್, ಮನ್‌ಸ್ಟರ್ ತಂಡದ ಪೀಟರ್ ಸ್ಟ್ರಿಂಗರ್ ಕೈಯಲ್ಲಿದ್ದ ಚೆಂಡನ್ನು ತಟ್ಟಿ ತನ್ನವರ ಕಡೆಗೆ ಬೀಳಿಸಿದರು. ತೀರ್ಪುಗಾರರು ಗುಂಪಿನ ಇನ್ನೊಂದು ಬದಿಯಲ್ಲಿದ್ದರು. ಲೆಸ್ಟರ್ 15-9ರಿಂದ ಗೆದ್ದಿತು. ಯಾವ ಶಿಕ್ಷೆಯೂ ಆಗಲಿಲ್ಲ. ಇದನ್ನು ಚಾತುರ್ಯವೆಂದು ಮೆಚ್ಚಿದವರು ಅನೇಕರು.

ಏಳು ವರ್ಷಗಳ ನಂತರ ಅದೇ ಸ್ಪರ್ಧೆಯಲ್ಲಿ ನಡೆದುದನ್ನು ಮೆಚ್ಚಲು ಯಾರಿಂದಲೂ ಆಗಲಿಲ್ಲ. ರಕ್ತ ಸುರಿಯುತ್ತಿರುವ ಆಟಗಾರನು ಕೂಡಲೇ ಹೊರಬಂದು ಚಿಕಿತ್ಸೆ ಪಡೆಯಬೇಕು, ಅಲ್ಲಿಯವರೆಗೆ ಬೇರೊಬ್ಬನು ಅವನ ಬದಲಾಗಿ ಆಡಬಹುದು ಎಂಬ ನಿಯಮವಿದೆ. ಗಾಯಗೊಂಡವನ ಹಿತಕ್ಕೂ ಇತರರಿಗೆ ರೋಗ ತಗುಲದಿರಲೆಂಬ ಕಾಳಜಿಗೂ ಹುಟ್ಟಿದ ನಿಯಮವಿದು. ಒಮ್ಮೆ ಹೊರಬಂದ ಆಟಗಾರನಿಗೂ ಇದರಿಂದ ಮರಳಿ ಇಳಿಯುವ ದಾರಿ ತೆರೆಯುತ್ತದೆ. 2009ರ ಏಪ್ರಿಲ್ 12ರಂದು ಲಂಡನ್ನಿನ ಹಾರ್ಲೆಕ್ವಿನ್ಸ್ ತಂಡ ಐರ್ಲೆಂಡಿನ ಲೆನ್‌ಸ್ಟರ್ ವಿರುದ್ಧ 5-6ರಿಂದ ಹಿಂದಿತ್ತು. ಚೆಂಡನ್ನು ಗುರಿಯಿಟ್ಟು ಒದೆಯಬಲ್ಲ ನಿಕ್ ಇವಾನ್ಸ್ ಮೊಣಕಾಲಿನ ನೋವಿನಿಂದ ಆಗಲೇ ಹೊರಗೆ ಕುಳಿತಿದ್ದರು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿರುವಾಗ ಟಾಮ್ ವಿಲಿಯಮ್ಸ್ ಎಂಬ ಆಟಗಾರನು ಕೃತಕ ರಕ್ತದ ಗುಳಿಗೆಯನ್ನು ಬಾಯಲ್ಲಿ ಕಚ್ಚಿದನು. ತಮಾಷೆಯ ಸಾಮಾನುಗಳ ಅಂಗಡಿಯಲ್ಲಿ ಕೊಂಡ ಗುಳಿಗೆಯದು. ಇವಾನ್ಸ್ ಒಳಬಂದರು, ಅವರ ಒದೆತ ಗುರಿ ತಪ್ಪಿತು. ವಿಲಿಯಮ್ಸ್ ಹೊರನಡೆಯುತ್ತ ಕಣ್ಣು ಮಿಟುಕಿಸಿದ್ದನ್ನು ದೂರದರ್ಶನದ ಕ್ಯಾಮೆರಾ ಹಿಡಿಯಿತು. ಗಾಯವೇ ಇಲ್ಲದ ಬಾಯಿಯನ್ನು ಯಾರಾದರೂ ಪರೀಕ್ಷಿಸಿಯಾರೆಂಬ ಭಯದಿಂದ, ಅವನ ಕೋರಿಕೆಯಂತೆ, ತಂಡದ ವೈದ್ಯೆ ಅವನ ತುಟಿಯನ್ನು ಕೊಯ್ದರು. ಸುಳ್ಳು ಗಾಯವನ್ನು ಉಳಿಸಿಕೊಳ್ಳಲು ನಿಜವಾದ ಗಾಯ ಬೇಕಾಯಿತು.

ಇನ್ನು ದಂಡನೆಯ ವಿಚಾರ. ಜುಲೈ ತಿಂಗಳಲ್ಲಿ ಶಿಸ್ತು ಸಮಿತಿ ವಿಲಿಯಮ್ಸ್‌ಗೆ 12 ತಿಂಗಳ ನಿಷೇಧವನ್ನೂ ಕ್ಲಬ್ಬಿಗೆ 2,50,000 ಯೂರೋ ದಂಡವನ್ನೂ ವಿಧಿಸಿತು. ದಂಡದಲ್ಲಿ ಅರ್ಧ ಭಾಗ ಅಮಾನತಿನಲ್ಲಿತ್ತು. ರಗ್ಬಿ ನಿರ್ದೇಶಕ ಡೀನ್ ರಿಚರ್ಡ್ಸ್, ಫಿಸಿಯೋಥೆರಪಿಸ್ಟ್ ಸ್ಟೆಫ್ ಬ್ರೆನನ್ ಮತ್ತು ವೈದ್ಯೆ, ಮೂವರ ಮೇಲಿನ ಆರೋಪಗಳೂ ನಿಲ್ಲಲಿಲ್ಲ. ಗುಳಿಗೆಯನ್ನು ಕಚ್ಚಿದವನೊಬ್ಬನೇ ತಪ್ಪಿತಸ್ಥ! ಹೀಗೆ ಎಲ್ಲ ಭಾರವೂ ತನ್ನ ತಲೆಯ ಮೇಲೆ ಬಿದ್ದ ಮೇಲೆ ವಿಲಿಯಮ್ಸ್ ಮೇಲ್ಮನವಿ ಸಲ್ಲಿಸಿ ನಡೆದುದನ್ನೆಲ್ಲ ಹೇಳಿದನು. ಅವನ ಸತ್ಯನಿಷ್ಠೆಗೆ ದಂಡನೆಯ ಅಸಮತೆಯೇ ಪ್ರೇರಣೆಯಾಯಿತೆಂದರೆ ಅವನಿಗೆ ಅನ್ಯಾಯ ಮಾಡಿದಂತಾಗದು. ಆದರೂ ಹೇಳಿದ್ದು ಸತ್ಯ. ಆಗಸ್ಟ್‌ನಲ್ಲಿ ತೂಕ ಬದಲಾಯಿತು. ಮಾಡಿದವನ ನಿಷೇಧ ನಾಲ್ಕು ತಿಂಗಳಿಗೆ ಇಳಿಯಿತು. ಮಾಡಿಸಿದ ರಿಚರ್ಡ್ಸ್‌ಗೆ ಮೂರು ವರ್ಷ, ಗುಳಿಗೆ ಒದಗಿಸಿದ ಬ್ರೆನನ್‌ಗೆ ಎರಡು ವರ್ಷ ನಿಷೇಧ. ಕ್ಲಬ್ಬಿನ ದಂಡ 3,00,000 ಯೂರೋ. ಕ್ಲಬ್ಬಿನ ಅಧ್ಯಕ್ಷರು ರಾಜೀನಾಮೆ ಕೊಟ್ಟರು.

ವೈದ್ಯೆಯ ಪ್ರಕರಣ ವೈದ್ಯಕೀಯ ಮಂಡಳಿಯ ಮುಂದೆ ಹೋಗಿ, 2010ರಲ್ಲಿ ಎಚ್ಚರಿಕೆಯೊಡನೆ ಮುಗಿದು, ವೃತ್ತಿ ಉಳಿಯಿತು. ಬ್ರೆನನ್ ಹೆಸರನ್ನು ಅದೇ ವರ್ಷ ವೃತ್ತಿಪಟ್ಟಿಯಿಂದ ತೆಗೆದುಹಾಕಲಾಯಿತಾದರೂ 2011ರಲ್ಲಿ ಉಚ್ಚ ನ್ಯಾಯಾಲಯ ಆ ಕ್ರಮವನ್ನು ರದ್ದುಗೊಳಿಸಿತು. ಒಂದೇ ಮಧ್ಯಾಹ್ನದ ಒಂದೇ ಕೃತ್ಯಕ್ಕೆ ಎಷ್ಟು ಪೀಠಗಳು, ಎಷ್ಟು ಬಗೆಯ ತಕ್ಕಡಿಗಳು! ರಿಚರ್ಡ್ಸ್ ನಿಷೇಧ ಮುಗಿಸಿ 2012ರಲ್ಲಿ ನ್ಯೂಕ್ಯಾಸಲ್ ತಂಡದ ಹೊಣೆ ಹೊತ್ತರು. ವಿಲಿಯಮ್ಸ್ ಹಾರ್ಲೆಕ್ವಿನ್ಸ್‌ನಲ್ಲೇ ಉಳಿದು, ಅದೇ ವರ್ಷ ತಂಡ ಇಂಗ್ಲಿಷ್ ಚಾಂಪಿಯನ್ ಆದಾಗ ಅಂತಿಮ ಪಂದ್ಯದಲ್ಲಿ ಟ್ರೈ ಗಳಿಸಿದನು.

ಲೆನ್‌ಸ್ಟರ್ ಆ ಪಂದ್ಯವನ್ನೂ 2009ರ ಕಪ್ಪನ್ನೂ ಗೆದ್ದುದರಿಂದ ಅದಕ್ಕೆ ನಷ್ಟವಾಗಲಿಲ್ಲ. ಆದರೆ ಮೇಲ್ಮನವಿಯ ವಿಚಾರಣೆಯಲ್ಲಿ ಇನ್ನೊಂದು ಸಂಗತಿ ಬಯಲಾಗಿತ್ತು: ಹಾರ್ಲೆಕ್ವಿನ್ಸ್ ಅದಕ್ಕೂ ಮೊದಲು ನಾಲ್ಕು ಸಲ ಸುಳ್ಳು ರಕ್ತದ ಉಪಾಯವನ್ನು ಬಳಸಿತ್ತು. ಕ್ಲಬ್ಬನ್ನು ಮುಂದಿನ ವರ್ಷದ ಸ್ಪರ್ಧೆಯಿಂದ ಹೊರಗಿಡಲಿಲ್ಲ; ಆ ಹಳೆಯ ಪಂದ್ಯಗಳ ಫಲಿತಾಂಶಗಳು ದಾಖಲೆಯಲ್ಲಿ ಇದ್ದಂತೆಯೇ ಇವೆ.